ಮಿಡತೆಗೆ ಹೆಸರು ಕೊಟ್ಟ ಕೋಲ್ಮನ್



ಹಿತ್ತಲಿನ ಬದನೆ, ಅವರೆ ಗಿಡದಲ್ಲಿ ಹುಳ ಕಂಡ ಕೂಡಲೇ ನಾವು ಔಷಧಿ ಡಬ್ಬಿ ಹುಡುಕುತ್ತೇವೆ. ಹುಳವನ್ನು ಕೊಲ್ಲುವ ಮೊದಲು ಅದರ ಬದುಕನ್ನು ಓದಿದವರೊಬ್ಬರು ನಮ್ಮ ಮೈಸೂರು ಸಂಸ್ಥಾನದಲ್ಲಿದ್ದರು.

ಲೆಸ್ಲಿ ಚಾರ್ಲ್ಸ್ ಕೋಲ್ಮನ್ 1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದರು. ಟೊರೊಂಟೊದಲ್ಲೂ ಜರ್ಮನಿಯಲ್ಲೂ ಓದಿ, 1908ರಲ್ಲಿ ಕೀಟ ಹಾಗೂ ಶಿಲೀಂಧ್ರ ತಜ್ಞರಾಗಿ ಇಲ್ಲಿಗೆ ಬಂದರು.

ಆಗ ಬಯಲುಸೀಮೆಯ ಜೋಳಕ್ಕೆ ಒಂದು ಮಿಡತೆಯ ಕಾಟವಿತ್ತು. ಕೋಲ್ಮನ್ ಅದರ ಹಿಂದೆ ಬಿದ್ದರು. ಮೊಟ್ಟೆ ನೆಲದೊಳಗೆ, ಮರಿ ಹೊರಬರುವುದು ಮುಂಗಾರು ಮಳೆ ಬಿದ್ದ ಮೇಲೆ, ವರ್ಷಕ್ಕೆ ಒಂದೇ ಪೀಳಿಗೆ. ಎಲ್ಲಕ್ಕಿಂತ ದೊಡ್ಡ ವಿಷಯವೆಂದರೆ ಬೆಳೆದ ಮೇಲೂ ಅದಕ್ಕೆ ರೆಕ್ಕೆಯಿಲ್ಲ, ಹಾರಿಹೋಗಲಾರದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಉತ್ತರೆ ಮೊಟ್ಟೆ ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಸಿಗುತ್ತದೆ, ಮರಿಗಳನ್ನು ಹಿಡಿಯಲೂಬಹುದು. ಸ್ಪೇನಿನ ವಿಜ್ಞಾನಿ ಬೊಲಿವಾರ್ 1910ರಲ್ಲಿ ಈ ಮಿಡತೆಗೆ ಕೊಲೆಮಾನಿಯಾ ಎಂದೇ ಹೆಸರಿಟ್ಟರು. ಪೀಡೆಯೊಂದಕ್ಕೆ ತನ್ನ ಹೆಸರು ಬಂದರೆ ಸಂತೋಷಪಡಬೇಕೋ ಏನೋ!

ಮಲೆನಾಡಿನಲ್ಲಿ ಕೊಳೆರೋಗ ಅಡಿಕೆ ಬೆಳೆಗಾರರ ವರ್ಷದ ಅನ್ನವನ್ನೇ ಕಸಿಯುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟುವುದು ಅವರ ಹಳೆಯ ಉಪಾಯ. ಮಳೆ ಹಿಡಿಯುವ ಮುನ್ನವೇ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂದು ಕೋಲ್ಮನ್ ತೋರಿಸಿಕೊಟ್ಟರು. ಇಂದಿಗೂ ಮಲೆನಾಡಿನವರು ಅದನ್ನೇ ಹೊಡೆಯುತ್ತಾರೆ.

ಕೇರಳದ ಕುಂಞಿ ಕಣ್ಣನ್ ಅವರ ಜೊತೆಗಾರ. ಇಬ್ಬರೂ ಕಾಫಿಯ ರಸ ಹೀರುವ ಶಲ್ಕ ಕೀಟಗಳನ್ನು ಅಭ್ಯಾಸ ಮಾಡಿದರು. ಈ ಕೀಟ ಸುರಿಸುವ ಸಿಹಿಗೆ ಇರುವೆ ಬರುತ್ತದೆ, ಸಿಹಿಗಾಗಿ ಕೀಟವನ್ನು ಕಾಯುತ್ತದೆ. ನಮ್ಮ ಅವರೆ ಗಿಡದ ಹೇನಿನ ಕತೆಯೂ ಇದೇ. ಇರುವೆ ಸಾಲು ಕಂಡರೆ ಕುಡಿಯನ್ನು ನೋಡಿ. ಹೇನಿನ ನಡುವೆ ಪುಟ್ಟ ಮೊಸಳೆಯಂಥ ಕಪ್ಪು ಮರಿ ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳುವಿನ ಮರಿ, ಹೇನನ್ನು ತಿನ್ನುವ ನಮ್ಮ ಗೆಳೆಯ. ಔಷಧಿ ಹೊಡೆದರೆ ಮೊದಲು ಸಾಯುವುದು ಬಹಳ ಸಲ ಅದೇ. ಆದರೆ ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ 28 ಚುಕ್ಕೆಯ ಹುಳುವೂ ಅದೇ ಕುಟುಂಬದ್ದು! ಅದರ ಮರಿ ಹಳದಿ, ಮೈಯೆಲ್ಲ ಮುಳ್ಳು. ಅದನ್ನು ಕೈಯಲ್ಲಿ ಆರಿಸಿ ತೆಗೆಯಬಹುದು.

ಕೋಲ್ಮನ್ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಅವರ ಕಾಲದಲ್ಲೇ ಆರಂಭವಾದವು. ಸುಮಾರು ಕಾಲು ಶತಮಾನ ಇಲ್ಲಿ ದುಡಿದು ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ತೀರಿಕೊಂಡರು. ಹೆಬ್ಬಾಳದಲ್ಲಿ ಈಗ ಕೃಷಿ ವಿಶ್ವವಿದ್ಯಾಲಯವಿದೆ. ಪಿಯುಸಿ ವಿಜ್ಞಾನ ಮುಗಿಸಿದ ನಮ್ಮ ಮಕ್ಕಳು ಅಲ್ಲಿ ಬಿಎಸ್ಸಿ ಕೃಷಿಗೆ ಸೇರಬಹುದು.