ಗುರುವಿನ ಲೆಕ್ಕ ತಿದ್ದಿದ ರಾಬರ್ಟ್ ಎಮರ್ಸನ್

ಎಲೆಯು ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಎಷ್ಟು ಬೆಳಕಿಗೆ ಎಷ್ಟು ಕೆಲಸ? ಈ ಲೆಕ್ಕಕ್ಕಾಗಿಯೇ ಬಾಳು ಸವೆಸಿದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಎಮರ್ಸನ್.

ಅವರು ಹುಟ್ಟಿದ್ದು 1903ರಲ್ಲಿ, ನ್ಯೂಯಾರ್ಕಿನಲ್ಲಿ. ಹಾರ್ವರ್ಡಿನಲ್ಲಿ ಓದಿ, ಬರ್ಲಿನ್ನಿಗೆ ತೆರಳಿ, ಮುಂದೆ ನೊಬೆಲ್ ಪಾರಿತೋಷಕ ಪಡೆದ ಓಟ್ಟೋ ವಾರ್ಬರ್ಗರ ಶಿಷ್ಯರಾಗಿ 1927ರಲ್ಲಿ ಡಾಕ್ಟರೇಟ್ ಗಳಿಸಿದರು. ಹಸಿರು ಪಾಚಿ ಬಿಡುವ ಆಮ್ಲಜನಕವನ್ನು ಅಳೆಯುವ ವಿದ್ಯೆ ಗುರುವಿನಿಂದಲೇ ಬಂದದ್ದು.

1932ರಲ್ಲಿ ವಿಲಿಯಂ ಆರ್ನಾಲ್ಡರೊಡನೆ ಪಾಚಿಯ ಮೇಲೆ ಬೆಳಕನ್ನು ಮಿಂಚಿನಂತೆ ಹಾಯಿಸಿ ನೋಡಿದಾಗ, ಒಂದು ಮಿಂಚಿಗೆ ಸುಮಾರು 2,500 ಪತ್ರಹರಿತ್ತಿನ ಅಣುಗಳಿಗೆ ಒಂದೇ ಆಮ್ಲಜನಕದ ಅಣು ಹೊರಬಿತ್ತು. ಅಂದರೆ ಪತ್ರಹರಿತ್ತು ಒಂಟಿಯಾಗಿ ದುಡಿಯುವುದಿಲ್ಲ, ಗುಂಪಾಗಿ ದುಡಿಯುತ್ತದೆ. ಆ ಗುಂಪುಗಳನ್ನು ಪೊರೆಯೊಳಗೆ ಹಿಡಿದಿಡುವವು ಪ್ರೋಟೀನುಗಳೆಂದು ಇಂದು ನಮಗೆ ಗೊತ್ತಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದ ಪ್ರಜೆಗಳನ್ನು ಸರಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಎಮರ್ಸನ್ ಮಾಂಜನಾರ್ ಶಿಬಿರದಲ್ಲಿದ್ದವರ ಜತೆಗೂಡಿ ಗ್ವಾಯೂಲೆ ಗಿಡದಿಂದ ರಬ್ಬರು ತೆಗೆಯುವ ಸಂಶೋಧನೆ ನಡೆಸಿದರು. ಆ ದಿನಗಳಲ್ಲಿ ಇದಕ್ಕೆ ಎದೆಗಾರಿಕೆ ಬೇಕಿತ್ತು.

ಇನ್ನು ಗುರುಶಿಷ್ಯರ ವಿವಾದ. ಒಂದು ಆಮ್ಲಜನಕದ ಅಣುವಿಗೆ ನಾಲ್ಕು ಬೆಳಕಿನ ಕಣಗಳು ಸಾಕೆಂದು ವಾರ್ಬರ್ಗ್ ಸಾರಿದ್ದರು. ಶಿಷ್ಯ ಅಳೆದಾಗ ಎಂಟರಿಂದ ಹನ್ನೆರಡು ಬಂತು. ಮತ್ತೆ ಮತ್ತೆ ಅಳೆದರೂ ಅಷ್ಟೇ. 1948ರಲ್ಲಿ ವಾರ್ಬರ್ಗ್ ಇಲಿನಾಯ್ ವಿಶ್ವವಿದ್ಯಾನಿಲಯದ ಅರ್ಬಾನಾಕ್ಕೆ, ಎಮರ್ಸನ್ನರ ಪ್ರಯೋಗಶಾಲೆಗೇ ಬಂದು ತಿಂಗಳುಗಟ್ಟಲೆ ಕೆಲಸ ಮಾಡಿದರು. ಒಮ್ಮತವಾಗಲಿಲ್ಲ. ಲೋಕ ಕಡೆಗೆ ಒಪ್ಪಿದ್ದು ಶಿಷ್ಯನ ಲೆಕ್ಕವನ್ನು.

ಅದೇ ಅಳತೆಗಳ ನಡುವೆ ಒಂದು ವಿಚಿತ್ರ ಕಂಡಿತ್ತು. 680 ನ್ಯಾನೋಮೀಟರಿಗಿಂತ ಉದ್ದದ ಕಡುಗೆಂಪು ಬೆಳಕಿನಲ್ಲಿ ಪಾಚಿಯ ದುಡಿಮೆ ಥಟ್ಟನೆ ಕುಸಿಯುತ್ತಿತ್ತು. ಇದು 1943ರ ಮಾತು. 1957ರಲ್ಲಿ ಆ ಬೆಳಕಿಗೆ ಗಿಡ್ಡ ಅಲೆಯ ಬೆಳಕನ್ನೂ ಕೂಡಿಸಿದರು. ಎರಡೂ ಬೇರೆಬೇರೆಯಾಗಿ ಕೊಡುವುದರ ಮೊತ್ತಕ್ಕಿಂತ ಜಾಸ್ತಿ ಆಮ್ಲಜನಕ ಬಂತು! ಎಲೆಯಲ್ಲಿರುವುದು ಒಂದು ಯಂತ್ರವಲ್ಲ, ಒಂದರ ಕೈಯಿಂದ ಇನ್ನೊಂದು ಕೆಲಸ ವಹಿಸಿಕೊಳ್ಳುವ ಎರಡು ಎಂಬ ತಿಳಿವಳಿಕೆಗೆ ಇದೇ ದಾರಿಯಾಯಿತು.

ಆ ಯಂತ್ರಗಳು ಎಲ್ಲಿವೆ ಎಂಬುದನ್ನು ಕಾಣುವ ಯೋಗ ಅವರಿಗಿರಲಿಲ್ಲ. 1980ರಲ್ಲಿ ಆಂಡರ್ಸನ್ ಎಂಬ ಒಂದೇ ಉಪನಾಮದಂತೆ ಕೇಳಿಸುವ ಇಬ್ಬರು, ಬರ್ಟಿಲ್ ಮತ್ತು ಜಾನ್, ಅದನ್ನು ತೋರಿಸಿದರು: ಎರಡನೆಯ ವ್ಯವಸ್ಥೆಯ ಪ್ರೋಟೀನುಗಳು ಹೆಚ್ಚಾಗಿ ದೋಸೆಗಳಂತೆ ಒಂದರ ಮೇಲೊಂದು ಪೇರಿಸಿದ ಪೊರೆಗಳ ಒಳಭಾಗದಲ್ಲಿ, ಒಂದನೆಯದರವು ಹೊರಕ್ಕೆ ತೆರೆದ ಪೊರೆಗಳಲ್ಲಿ.

1959ರ ಫೆಬ್ರವರಿಯಲ್ಲಿ ಎಮರ್ಸನ್ ಪ್ರಯಾಣಿಸುತ್ತಿದ್ದ ವಿಮಾನ, ನ್ಯೂಯಾರ್ಕಿನಲ್ಲಿ ಇಳಿಯಬೇಕಾದದ್ದು, ಈಸ್ಟ್ ನದಿಗೆ ಬಿತ್ತು. 73 ಮಂದಿಯಲ್ಲಿ ಉಳಿದವರು ಎಂಟೇ ಜನ. ಅವರಲ್ಲಿ ಎಮರ್ಸನ್ ಇರಲಿಲ್ಲ. ವಯಸ್ಸು 55.