ಮಿಶೆಲ್ ರೋಲ್

ರೋಲನ ಪ್ರಮೇಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದವರಲ್ಲಿ ನಾನೂ ಒಬ್ಬ. ರೋಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂಬುದೇ ಆಗ ನನಗೆ ಹೊಳೆದಿರಲಿಲ್ಲ. ಅವನ ಜೀವನವನ್ನು ಓದಿದ ಮೇಲೆ ಅವನಲ್ಲಿ ಒಂದು ಬಗೆಯ ಸಲಿಗೆ ಬೆಳೆದಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದಲೋ ಏನೋ.

ರೋಲನು 1652ರಲ್ಲಿ ಫ್ರಾನ್ಸಿನ ಆಂಬೇರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಅಂಗಡಿಯವನು. ಹುಡುಗನಿಗೆ ದೊರೆತದ್ದು ಪ್ರಾಥಮಿಕ ವಿದ್ಯೆಯಷ್ಟೆ. ದಸ್ತಾವೇಜು ಬರೆಯುವವರ ಬಳಿ ನಕಲುಗಾರನಾಗಿ ದುಡಿದು, 1675ರಲ್ಲಿ ಪ್ಯಾರಿಸಿಗೆ ಬಂದನು. ಸಂಪಾದನೆ ಸಂಸಾರಕ್ಕೆ ಸಾಲದು. ಆದರೂ ಬೀಜಗಣಿತವನ್ನು ತಾನೇ ಓದಿ ಕಲಿತನು. ಓಜಾನಾಂ ಎಂಬ ಗಣಿತಜ್ಞನು ಒಂದು ಸಮಸ್ಯೆಯನ್ನು ಒಡ್ಡಿದ್ದನು: ನಾಲ್ಕು ಸಂಖ್ಯೆಗಳು ಬೇಕು, ಯಾವ ಎರಡರ ವ್ಯತ್ಯಾಸವಾದರೂ ವರ್ಗಸಂಖ್ಯೆಯಾಗಬೇಕು, ಮೊದಲ ಮೂರರಲ್ಲಿ ಯಾವ ಎರಡರ ಮೊತ್ತವೂ ಹಾಗೆಯೇ ಆಗಬೇಕು. ಅವುಗಳಲ್ಲಿ ಚಿಕ್ಕದಕ್ಕೂ 50 ಅಂಕಿಗಳಾದರೂ ಇರಬೇಕೆಂದು ಅವನ ಎಣಿಕೆ. 1682ರಲ್ಲಿ ರೋಲನು ಏಳೇಳು ಅಂಕಿಗಳ ನಾಲ್ಕು ಸಂಖ್ಯೆಗಳನ್ನು ಮುಂದಿಟ್ಟನು! ಮಂತ್ರಿ ಕೋಲ್ಬೇರ್ ಅವನನ್ನು ಪುರಸ್ಕರಿಸಿದನು. 1685ರಲ್ಲಿ ವಿಜ್ಞಾನ ಅಕಾಡೆಮಿಯ ಬಾಗಿಲೂ ತೆರೆಯಿತು.

1690ರ ಬೀಜಗಣಿತ ಗ್ರಂಥದಲ್ಲಿ ಅವನು ತಿಳಿಸಿದ ವಿಧಾನಕ್ಕೆ ಜಲಪಾತವೆಂದು ಹೆಸರು. ಕ್ಷ³ − 6ಕ್ಷ² + 9ಕ್ಷ − 1 = 0 ಎಂಬುದರ ಮೂಲಗಳು ಬೇಕೆನ್ನಿ. ಇಂದಿನ ರೀತಿಯಲ್ಲಿ ಅವಕಲನ ಮಾಡಿದರೆ 3ಕ್ಷ² − 12ಕ್ಷ + 9. ಮತ್ತೊಮ್ಮೆ ಮಾಡಿದರೆ 6ಕ್ಷ − 12. ಕೊನೆಯದರ ಮೂಲ ಸರಿಯಾಗಿ 2. ಅದರ ಇಕ್ಕೆಲದಲ್ಲಿ ನಡುವಣ ಸಮೀಕರಣದ ಮೂಲಗಳು, 1 ಮತ್ತು 3, ಇವೂ ನಿಖರ. ಈಗ ಮೊದಲನೆಯದಕ್ಕೆ ಹಿಂತಿರುಗಿ 0, 1, 3, 4 ಹಾಕಿದರೆ ಕ್ರಮವಾಗಿ −1, 3, −1, 3 ಬರುತ್ತವೆ. ಚಿಹ್ನೆ ಮೂರು ಸಲ ಬದಲಾಯಿತು. ಮೂರು ಮೂಲಗಳು ಎಲ್ಲೆಲ್ಲಿ ಅಡಗಿವೆಯೆಂದು ಗೊತ್ತಾಯಿತು. ಎರಡು ಮೂಲಗಳಿದ್ದಲ್ಲಿ ಅವುಗಳ ನಡುವೆ ಅವಕಲನದಿಂದ ಬಂದ ಸಮೀಕರಣದ ಮೂಲವೊಂದು ಇರಲೇಬೇಕು. ಇದೇ ನಾವು ಬಾಯಿಪಾಠ ಮಾಡಿದ ಪ್ರಮೇಯದ ತಿರುಳು. ಸಾಧನೆಯಿಲ್ಲವೆಂಬ ಆಕ್ಷೇಪ ಬಂದಾಗ 1691ರಲ್ಲಿ ಅದನ್ನೂ ಅಚ್ಚು ಹಾಕಿಸಿದನು.

ವಿಚಿತ್ರವೆಂದರೆ, ಇವನು ಕಲನಶಾಸ್ತ್ರದ ಕಡುವಿರೋಧಿ! ಅವನ ವಿಧಾನ ಬರಿಯ ಬೀಜಗಣಿತದಿಂದ ಹೊರಟದ್ದು. ಅತಿಸೂಕ್ಷ್ಮ ರಾಶಿಯನ್ನು ಒಮ್ಮೆ ಇದೆಯೆಂದೂ ಮರುಗಳಿಗೆಯಲ್ಲಿ ಸೊನ್ನೆಯೆಂದೂ ಎಣಿಸುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. 1700ರ ಸುಮಾರಿನಲ್ಲಿ ಅಕಾಡೆಮಿಯೊಳಗೆ ವಾರಿನ್ಯೋನನೊಡನೆ ದೊಡ್ಡ ವಾದವೇ ನಡೆಯಿತು. ತರಗತಿಯಲ್ಲಿ ನನಗೂ ಇದೇ ಸಂಶಯ ಬಂದಿತ್ತು. ಎದ್ದು ಕೇಳಲು ಧೈರ್ಯವಾಗಲಿಲ್ಲ. ಆ ಶಾಸ್ತ್ರಕ್ಕೆ ಗಟ್ಟಿಯಾದ ಬುನಾದಿ ಸಿಕ್ಕಿದ್ದು 19ನೆಯ ಶತಮಾನದಲ್ಲಿ ಎಂದ ಮೇಲೆ ಅವನದು ಬರಿಯ ಹಠವೆನ್ನಲು ನನ್ನ ಮನಸ್ಸು ಒಪ್ಪದು. 1706ರ ಹೊತ್ತಿಗೆ ಅವನೇ ವಿರೋಧವನ್ನು ಕೈಬಿಟ್ಟನು.

1719ರ ನವೆಂಬರ್ 8ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಪ್ರಮೇಯಕ್ಕೆ ಅವನ ಹೆಸರು ಬಂದದ್ದು 19ನೆಯ ಶತಮಾನದಲ್ಲಿ. ಅದೂ ಅವನು ಹೋರಾಡಿದ ಕಲನಶಾಸ್ತ್ರದ ಪುಸ್ತಕಗಳಲ್ಲೇ.