ರೋಮಿಯೋ ವೇಷದ ಷಾರ್ಲಟ್ ಕುಷ್‌ಮನ್

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯಟ್’ ನಾಟಕವನ್ನು ತರಗತಿಯಲ್ಲಿ ಓದುತ್ತಿದ್ದಾಗ ರೋಮಿಯೋವಿನ ಮಾತುಗಳನ್ನು ಓದುವ ಸರದಿ ನನಗೆ ಬಂದಿತು. ಹುಡುಗರಾರೂ ಏಳಲಿಲ್ಲ. ನಮ್ಮ ಉಪಾಧ್ಯಾಯರು ಹುಡುಗಿಯರ ಬೆಂಚಿನತ್ತ ನೋಡಿದರು. ನಾನು ಎದ್ದು ನಿಂತೆ. ಗಡೀಪಾರಿನ ಸುದ್ದಿ ಕೇಳಿ ರೋಮಿಯೋ ಪಾದ್ರಿ ಲಾರೆನ್ಸನ ಕೋಣೆಯಲ್ಲಿ ನೆಲಕ್ಕೆ ಬಿದ್ದು ಗೋಳಾಡುವ ದೃಶ್ಯ ಬಂದಾಗ ಇಡೀ ತರಗತಿ ನಕ್ಕಿತು. ನಿಜ ಹೇಳಬೇಕೆಂದರೆ ನನಗೂ ನಗು ಬಂದಿತ್ತು. ಇವನೆಂತಹ ನಾಯಕ! ಹಗಲು ರೋಸಲೈನಳಿಗಾಗಿ ನಿಟ್ಟುಸಿರಿಟ್ಟವನು ಅದೇ ರಾತ್ರಿ ಜೂಲಿಯಟಳಿಗೆ ಮನಸೋಲುತ್ತಾನೆ; ನಾಲ್ಕೈದು ದಿನಗಳೊಳಗೆ ಇಬ್ಬರೂ ಗೋರಿ ಸೇರುತ್ತಾರೆ. ಪಾಠ ಮುಗಿದ ಮೇಲೆ ಉಪಾಧ್ಯಾಯರು ನನ್ನನ್ನು ಕರೆದು, ನಗುವುದಕ್ಕೆ ಮುಂಚೆ ಷಾರ್ಲಟ್ ಕುಷ್‌ಮನ್ ಎಂಬ ನಟಿಯ ಜೀವನವನ್ನು ಓದಬೇಕೆಂದು ಹೇಳಿದರು. ಹಾಗೆ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಷಾರ್ಲಟ್ ಹುಟ್ಟಿದ್ದು ಅಮೇರಿಕೆಯ ಬಾಸ್ಟನ್ ನಗರದಲ್ಲಿ, 1816ನೆಯ ಇಸವಿ ಜುಲೈ 23ರಂದು. ತಂದೆ ವ್ಯಾಪಾರಿ. ವ್ಯಾಪಾರ ಮುಳುಗಿ ಸಂಸಾರ ಬಡತನಕ್ಕಿಳಿಯಿತು. ತಾಯಿ ಊಟ ವಸತಿಯ ಮನೆ ನಡೆಸಿ ಮಕ್ಕಳನ್ನು ಸಾಕಿದಳು. ಹಿರಿಯ ಮಗಳಿಗೆ ಒಳ್ಳೆಯ ಕಂಠವಿತ್ತು. 1835ರಲ್ಲಿ ಮೊಟ್ಸಾರ್ಟನ ಗೀತನಾಟಕವೊಂದರಲ್ಲಿ ಹಾಡಿ ರಂಗಕ್ಕೆ ಬಂದಳು. ಆದರೆ ನ್ಯೂ ಆರ್ಲಿಯನ್ಸಿನ ದೊಡ್ಡ ರಂಗಮಂದಿರದಲ್ಲಿ ತನ್ನದಲ್ಲದ ಏರುಸ್ಥಾಯಿಯಲ್ಲಿ ಹಾಡಿ ಹಾಡಿ ಕಂಠ ಕೆಟ್ಟುಹೋಯಿತು. ಹೊಟ್ಟೆಪಾಡಿಗೆ ಅಭಿನಯವೊಂದೇ ಉಳಿಯಿತು. 1836ರಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರ ದೊರೆತಾಗ ತೊಡಲು ಉಡುಪಿರಲಿಲ್ಲ. ಗಿಡ್ಡಗಿದ್ದ ದಪ್ಪ ನಟಿಯೊಬ್ಬಳಿಂದ ಎರವಲು ತಂದು, ಎತ್ತರವಾಗಿ ತೆಳ್ಳಗಿದ್ದ ತನ್ನ ಮೈಗೆ ಹೇಗೋ ಹೊಂದಿಸಿಕೊಂಡಳು. ಆಗ ಆಕೆಗೆ ಇಪ್ಪತ್ತು ತುಂಬಿರಲಿಲ್ಲ.

ತಂಗಿ ಸೂಸನ್ನಳ ಕಥೆ ಇನ್ನೂ ದುಃಖದ್ದು. ಹದಿನಾಲ್ಕನೆಯ ವಯಸ್ಸಿಗೆ, ತನಗಿಂತ ಬಹಳ ಹಿರಿಯನಾದವನೊಬ್ಬನಿಗೆ ಆಕೆಯನ್ನು ಕೊಟ್ಟು ಮದುವೆ ಮಾಡಿದರು. ಅವನು ಗರ್ಭಿಣಿಯಾದ ಹೆಂಡತಿಯನ್ನು ತೊರೆದು ಹೋದನು. ಜೂಲಿಯಟಳಿಗೂ ಹದಿನಾಲ್ಕು ತುಂಬಿರಲಿಲ್ಲವೆಂಬುದನ್ನು ನಾವು ಪಾಠದಲ್ಲಿ ಓದಿ ಮುಂದೆ ಸಾಗುತ್ತೇವೆ. ಕುಷ್‌ಮನ್ನರ ಮನೆಯಲ್ಲಿ ಅದು ಮುಂದೆ ಸಾಗುವ ಮಾತಾಗಿರಲಿಲ್ಲ. ಷಾರ್ಲಟ್ ತಂಗಿಯನ್ನು ರಂಗಕ್ಕೆ ಕರೆತಂದಳು. ಆಕೆಗೆ ಮರ್ಯಾದೆಯ ಪಾತ್ರಗಳು ದೊರೆಯಲೆಂದು ತಾನೇ ಎದುರಿಗೆ ಗಂಡುವೇಷ ಹಾಕಿ ನಿಂತಳು.

ಹೆಂಗಸು ಗಂಡುವೇಷ ಹಾಕುವುದು ಆ ಕಾಲದ ಇಂಗ್ಲಿಷ್ ರಂಗಭೂಮಿಗೆ ಹೊಸತಲ್ಲ. ಷೇಕ್ಸ್‌ಪಿಯರನ ದಿನಗಳಲ್ಲಿ ಜೂಲಿಯಟಳೇ ಹುಡುಗನಾಗಿದ್ದಳು! ನಮ್ಮ ನಾಟಕ ಮಂಡಲಿಗಳಲ್ಲಿ ಗಂಡಸರು ಸ್ತ್ರೀವೇಷ ಹಾಕಿ ಮೆರೆದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಹೊಸತಾಗಿದ್ದುದು ಷಾರ್ಲಟ್ ಆ ಪಾತ್ರವನ್ನು ಅರ್ಥಮಾಡಿಕೊಂಡ ಬಗೆ.

ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1748ರಲ್ಲಿ ಲಂಡನ್ನಿನ ಮಹಾನಟ ಡೇವಿಡ್ ಗ್ಯಾರಿಕ್ ಈ ನಾಟಕವನ್ನು ತಿದ್ದಿ ಆಡಿಸಿದನು. ಗೋರಿಯಲ್ಲಿ ರೋಮಿಯೋ ವಿಷ ಕುಡಿದ ಮೇಲೆ, ಪ್ರಾಣ ಹೋಗುವ ಮೊದಲೇ ಜೂಲಿಯಟ್ ಎಚ್ಚರಗೊಳ್ಳುತ್ತಾಳೆ. ಇಬ್ಬರೂ ಮಾತಾಡಿಕೊಂಡು ಅಳುತ್ತಾರೆ. ಆಟ್ವೇ ಎಂಬ ಕವಿ 1679ರಲ್ಲೇ ಈ ದಾರಿ ತೋರಿಸಿದ್ದನು. ಮುಂದೆ ಗ್ಯಾರಿಕ್ ರೋಸಲೈನಳ ಪ್ರಸಂಗವನ್ನೂ ತೆಗೆದುಹಾಕಿದನು. ಮೊದಲೊಬ್ಬಳನ್ನು ಪ್ರೀತಿಸಿದವನು ಆದರ್ಶ ಪ್ರೇಮಿಯಾಗಲಾರನೆಂಬುದು ಆ ಕಾಲದ ಅಭಿರುಚಿ. 1750ರಲ್ಲಿ ಗ್ಯಾರಿಕ್ ಮತ್ತು ಸ್ಪ್ರಾಂಜರ್ ಬ್ಯಾರಿ ಎದುರುಬದುರು ಮಂದಿರಗಳಲ್ಲಿ ಇದೇ ನಾಟಕವನ್ನು ಪಂಥ ಹೂಡಿ ಆಡಿದರು. ಬ್ಯಾರಿ 12 ರಾತ್ರಿಗೆ ನಿಲ್ಲಿಸಿದನು, ಗ್ಯಾರಿಕ್ 13ಕ್ಕೆ. ಊರಿನವರಿಗೆ ಸಾಕುಸಾಕಾಗಿತ್ತಂತೆ. ಹೀಗೆ ಸುಮಾರು ನೂರು ವರ್ಷ ಜನರು ನೋಡಿದ ಪ್ರೇಮಿಗಳು ಕಳಂಕವಿಲ್ಲದವರು, ಕೊನೆಯಲ್ಲಿ ಬೀಳ್ಕೊಂಡು ಸಾಯುವವರು.

ಷಾರ್ಲಟ್ 1844ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದಳು. ಮರುವರ್ಷ ಅಲ್ಲಿ ಹೆಸರಾದಳು. 1845ರ ಡಿಸೆಂಬರ್ 29ರಂದು ಹೇಮಾರ್ಕೆಟ್ ರಂಗಮಂದಿರದಲ್ಲಿ ಅಕ್ಕ ರೋಮಿಯೋ, ತಂಗಿ ಜೂಲಿಯಟ್. ಗ್ಯಾರಿಕ್‌ನ ತಿದ್ದುಪಡಿ ಬೇಡ, ಕವಿಯ ಪಾಠವೇ ಬೇಕೆಂದು ಆಕೆ ಹಟ ಹಿಡಿದಳು. ಹಳೆಯ ಪಾಠ ಬಾಯಿಗೆ ಬಂದಿದ್ದ ಅಲ್ಲಿಯ ನಟರು ಸಿಡಿಮಿಡಿಗೊಂಡು ಈ ಅಕ್ಕತಂಗಿಯರನ್ನು ಕಾಡುಜನರೆಂದು ಹಂಗಿಸಿದರು. ಹಟ ಗೆದ್ದಿತು. ಕೆಲವು ಭಾಗ ಬಿಟ್ಟಿದ್ದರೂ ಆಡಿದ್ದು ಷೇಕ್ಸ್‌ಪಿಯರನದೇ. ಜೂಲಿಯಟ್ ಎಚ್ಚರಗೊಂಡಾಗ ಮಾತಾಡಲು ಯಾರೂ ಇರಲಿಲ್ಲ.

ಆಕೆಯ ರೋಮಿಯೋ ಬಿಸಿರಕ್ತದ ಹುಡುಗ. ಪ್ರೀತಿಯಲ್ಲಿ ಎಷ್ಟು ಅವಸರವೋ ಕತ್ತಿ ಹಿರಿಯುವುದರಲ್ಲೂ ಅಷ್ಟೇ ಅವಸರ. ನಾನು ಓದಿ ನಗೆಗೀಡಾದ ಆ ದೃಶ್ಯದಲ್ಲಿಯೇ ಜನರು ಮರುಳಾದರು. ನಾಟಕಕಾರ ಷೆರಿಡನ್ ನೋಲ್ಸ್ ಅದನ್ನು ಎಡ್ಮಂಡ್ ಕೀನನ ಒಥೆಲೋವಿಗೆ ಸಮನೆಂದು ಹೊಗಳಿದನು. ನುರಿತ ನಟರು ರೋಮಿಯೋ ಆಗುವ ಹೊತ್ತಿಗೆ ತಾರುಣ್ಯ ಕಳೆದಿರುತ್ತಿತ್ತು; ನೆಲಕ್ಕೆ ಬಿದ್ದು ಅಳುವುದು ಅವರಿಗೆ ಒಪ್ಪುತ್ತಿರಲಿಲ್ಲ. ವಿಕ್ಟೋರಿಯಾ ರಾಣಿಯೂ ನೋಡಿ, ಈಕೆ ಹೆಣ್ಣೆಂದು ಯಾರೂ ಊಹಿಸಲಾರರೆಂದು ದಿನಚರಿಯಲ್ಲಿ ಬರೆದುಕೊಂಡಳು. ಹೆಣ್ಣು ಹೆಣ್ಣಿಗೆ ಪ್ರಣಯ ನುಡಿಯುವುದು ಸಲ್ಲದೆಂದು ಗೊಣಗಿದವರೂ ಇದ್ದರು. ಆಟ ಮಾತ್ರ ಎಂಬತ್ತಕ್ಕೂ ಹೆಚ್ಚು ರಾತ್ರಿ ನಡೆಯಿತು.

ನನ್ನದೊಂದು ಆಕ್ಷೇಪಣೆಯಿದೆ. ಹೊಗಳಿಕೆಯೆಲ್ಲ ರೋಮಿಯೋವಿನ ಸುತ್ತಲೇ ಸುತ್ತುತ್ತದೆ. ಸೂಸನ್ನಳ ಜೂಲಿಯಟಳಿಗೆ ದೊರೆತುದು ಎರಡು ಒಳ್ಳೆಯ ಮಾತು. ಆದರೆ ಮೂಲದಲ್ಲಿ ಮದುವೆಯ ಮಾತು ಮೊದಲೆತ್ತುವವಳು, ಒಬ್ಬಳೇ ಔಷಧ ಕುಡಿಯುವ ಧೈರ್ಯ ಮಾಡುವವಳು ಜೂಲಿಯಟ್. ಆ ದೃಢತೆ ಎದ್ದುಕಾಣಬೇಕಾದರೆ ಎದುರಿಗೆ ಇಂತಹ ದುಡುಕಿನ ಹುಡುಗನೇ ಬೇಕು.

ಸೂಸನ್ 1848ರಲ್ಲಿ ಲಿವರ್‌ಪೂಲಿನ ರಸಾಯನಶಾಸ್ತ್ರಜ್ಞ ಮಸ್‌ಪ್ರಾಟನನ್ನು ಮದುವೆಯಾಗಿ ರಂಗ ಬಿಟ್ಟಳು; 1859ರಲ್ಲಿ ತೀರಿಕೊಂಡಳು. ಅವಳ ಮಗನನ್ನು ಷಾರ್ಲಟ್ ದತ್ತು ತೆಗೆದುಕೊಂಡಿದ್ದಳು. ಬಹುಕಾಲ ರೋಮ್ ನಗರದಲ್ಲಿ ಶಿಲ್ಪಿಗಳಾದ ಗೆಳತಿಯರ ನಡುವೆ ನೆಲೆಸಿದ್ದಳು. 1869ರಲ್ಲಿ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕವೂ ನಟಿಸಿದಳು. 1874ರ ನವೆಂಬರ್ 7ರಂದು ನ್ಯೂಯಾರ್ಕಿನಲ್ಲಿ, ಎರವಲು ಉಡುಪಿನಲ್ಲಿ ಆರಂಭಿಸಿದ ಅದೇ ಲೇಡಿ ಮ್ಯಾಕ್‌ಬೆತ್ ಪಾತ್ರದಲ್ಲಿ ಬೀಳ್ಕೊಂಡಳು. ಸಾವಿರಾರು ಜನ ದೀಪ ಹಿಡಿದು ಹೋಟೆಲಿನವರೆಗೆ ಬಂದರು. 1876ರ ಫೆಬ್ರವರಿ 18ರಂದು ಹುಟ್ಟೂರು ಬಾಸ್ಟನ್ನಿನಲ್ಲೇ ತೀರಿಕೊಂಡಳು.

ಇಷ್ಟನ್ನು ಓದಿದ ಮೇಲೆ ಆ ದೃಶ್ಯವನ್ನು ಇನ್ನೊಮ್ಮೆ ಓದಲು ನಾನೇ ಅಪ್ಪಣೆ ಕೇಳಿದೆ. ಉಪಾಧ್ಯಾಯರು ಒಪ್ಪಿದರು. ಹಿಂದಿನ ಬೆಂಚಿನಲ್ಲಿ ಈ ಸಲವೂ ಒಂದಿಬ್ಬರು ನಕ್ಕರು. ನಾನು ಕೊನೆಯವರೆಗೂ ಓದಿದೆ.